ಕೆಳಗಿನ ಓಣಿಯ ವಿಮಾನ

ಅಂಗಳದ ಅರ್ಧ ಗುಡಿಸಿ ಮುಗಿದಿತ್ತು. ಕಾಗೆಗಳ ನೆರಳನ್ನೆಲ್ಲ ಗೋಡೆಯ ಬುಡಕ್ಕೆ ತಳ್ಳಿ, ಬಾವಿಕಟ್ಟೆಗೆ ಅಂಟಿಕೊಂಡಿದ್ದ ಒಂದು ಹದ್ದಿನ ನೆರಳನ್ನು ಕಸಬರಿಗೆಯ ಹಿಡಿಯಿಂದ ಮೀಟುತ್ತಿದ್ದೆ. ಹದ್ದಿನದು ಸುಲಭಕ್ಕೆ ಏಳುವುದಿಲ್ಲ. ಎತ್ತರದಿಂದ ಬಿದ್ದದ್ದು, ಅಗಲವಾಗಿ ಹರಡಿಕೊಂಡಿರುತ್ತದೆ. ಅಂಚು ಸಿಕ್ಕರೆ ಮಾತ್ರ ಚಾಪೆಯ ಹಾಗೆ ಸುತ್ತಿಕೊಂಡು ಬರುತ್ತದೆ. ಆ ಅಂಚು ಹುಡುಕುವುದೇ ನಮ್ಮ ಓಣಿಯಲ್ಲಿ ಕಷ್ಟ. ಮೇಲಿನ ಪೇಟೆಯವರಿಗೆ ಬಿಸಿಲಿದೆ, ಬಿದ್ದದ್ದು ಎದ್ದು ಕಾಣುತ್ತದೆ. ನಮ್ಮಲ್ಲಿ ನೆರಳಿನ ಮೇಲೆ ಬಿದ್ದ ನೆರಳು ಕಣ್ಣಿಗೆ ಕಾಣುವುದಿಲ್ಲ, ಕಸಬರಿಗೆಗೆ ತಾಗುತ್ತದೆ ಅಷ್ಟೆ.

"ಏನವ್ವಾ ನೀಲಗಂಗವ್ವ, ಇನ್ನೂ ಗುಡಿಸೂದು ಮುಗೀಲಿಲ್ಲೇನು?" ಎಂದು ಬೇಲಿಯಾಚೆಯಿಂದ ಕುಬೇರಪ್ಪ ಮಾಸ್ತರ ಕೂಗಿದ.

ಊರಿನ ಸ್ಕೌಟು ದಳದ ಮಾಸ್ತರ ಅವನು. ಹುಟ್ಟಿದ್ದು ಇದೇ ಓಣಿಯಲ್ಲಿ, ನನ್ನ ಮನೆಯ ಎದುರು. ಅವನ ತಾಯಿ ಕೂಲಿಗೆ ಹೋದ ದಿನ ನನ್ನ ಮನೆಯಲ್ಲೇ ಉಂಡು ಬೆಳೆದವನು. ನೌಕರಿ ಸಿಕ್ಕ ಮೇಲೆ ಮೇಲಿನ ಪೇಟೆಯಲ್ಲಿ ಮನೆ ಮಾಡಿದ. ದಳದ ಮಕ್ಕಳ ಕೊರಳಿನ ಸ್ಕಾರ್ಫು ಹೊಲಿಯುವವಳು ನಾನಾದ್ದರಿಂದ ಆಗಾಗ ಬಂದುಹೋಗುತ್ತಿದ್ದ.

"ಮುಗೀತೈತಿ ಬಿಡು, ಇದೆಲ್ಲಿ ಓಡಿ ಹೋಗ್ತೈತಿ," ಎಂದೆ.

"ನಿನ್ನ ತಾಳ್ಮಿ ದೊಡ್ಡದವ್ವ. ಊರಾಗ ಯಾರಿಗೂ ಇಲ್ಲ ಹಂತಾದ್ದು."

ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಲ್ಲಿಯ ಸಾಲಿನಲ್ಲಿ ಹಿಂದೆ ನಿಲ್ಲಿಸುವವರು, ಕಚೇರಿಯಲ್ಲಿ ನಾಳೆ ಬಾ ಅನ್ನುವವರು, ಎಲ್ಲರೂ ನನ್ನ ತಾಳ್ಮೆಯನ್ನು ಹೊಗಳಿದ್ದಾರೆ. ಕಾಯಿಸುವವರು ಕಾಯುವವರಿಗೆ ಕೊಡುವ ಬಿರುದು ಅದು.

ಮಾಸ್ತರ ಬಂದದ್ದು ಬೇರೆ ಕೆಲಸಕ್ಕೆ. ಜಿಲ್ಲೆಯಿಂದ ಸುತ್ತೋಲೆ ಬಂದಿತ್ತಂತೆ. "ಈ ವರ್ಷ ದಳದ ಹುಡುಗರು ವಿಮಾನದ ಬಗ್ಗೆ ಕಲೀಬೇಕಂತ. ಏನ್ ಮಾಡಬೇಕು, ಹೆಂಗ ಮಾಡಬೇಕು ಅನ್ನೂದನ್ನ ಹುಡುಗರೇ ಕುಂತು ಗೊತ್ತ ಮಾಡಬೇಕು, ಹುಡುಗರೇ ನಡಸಬೇಕು. ದೊಡ್ಡವರು ಕೈ ಹಾಕಬಾರದಂತ ನೋಡು!" ಎಂದು ನಕ್ಕ. "ಸಾಲ್ಯಾಗ ಕೋಣಿ ಖಾಲಿ ಇಲ್ಲ. ನಿನ್ನ ಪಡಸಾಲ್ಯಾಗ ಕುಂದರ್ಲಿ. ಹಿರಿಯರು ಅಂತ ಒಬ್ಬರು ಇರಬೇಕು, ನಿನ್ನ ಹೆಸರು ಬರದೀನಿ. ನೀ ಏನೂ ಮಾಡೂದು ಬ್ಯಾಡ, ಸುಮ್ನ ಕುಂತಿರು."

ಸುಮ್ಮನೆ ಕೂತಿರುವ ಕೆಲಸಕ್ಕೆ ಯಾವಾಗಲೂ ನನ್ನ ಹೆಸರೇ ಮೊದಲು ನೆನಪಾಗುತ್ತದೆ.

ನಮ್ಮೂರಿನವರು ವಿಮಾನದ ಮಾತೆತ್ತುವುದು ಕಡಿಮೆ. ಹಾರುವುದು ಹಾರಿಹೋಗುತ್ತದೆ, ನೆರಳು ಇಲ್ಲೇ ಬೀಳುತ್ತದೆ. ಗುಬ್ಬಿ, ಪಾರಿವಾಳ, ಕಾಗೆಗಳದ್ದಾದರೆ ಪರವಾಗಿಲ್ಲ. ಪಾರಿವಾಳದ ನೆರಳನ್ನು ನೀರಿನ ಕೊಡಕ್ಕೆ ಸುತ್ತಿದರೆ ನೀರು ತಣ್ಣಗಿರುತ್ತದೆ. ಜ್ವರ ಬಂದ ಮಗುವಿನ ಹಣೆಗೆ ಗುಬ್ಬಿಯದು ಒಳ್ಳೆಯದು. ಉಳಿದದ್ದನ್ನು ಪುರಸಭೆಯ ಗಾಡಿಗೆ ತುಂಬಿ ಕಳಿಸುತ್ತೇವೆ. ಗಾಳಿಪಟ ಹಾರಿಸಿದರೆ ದಂಡ. ಕಾಗದದ ವಿಮಾನ ಹಾರಿಸಿದ ಹುಡುಗರನ್ನು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಮೈದಾನವೆಲ್ಲ ತ್ರಿಕೋನದ ನೆರಳು ಬಿದ್ದು ಹೊಲಸಾಗುತ್ತದೆ ಎಂದು.

ವಿಮಾನದ ನೆರಳು ಬಿದ್ದದ್ದು ಒಂದೇ ಸಲ, ಬಿದ್ದದ್ದು ನಮ್ಮ ಓಣಿಯ ಮೇಲೆ. ನಾನು ಸೊಸೆಯಾಗಿ ಬಂದ ಹೊಸತು. ಮಧ್ಯಾಹ್ನದ ಹೊತ್ತು ಆಕಾಶದಲ್ಲಿ ಗುರ್ರೆಂದು ಸದ್ದಾಯಿತು, ಮಾಳಿಗೆಯ ಮೇಲೆ ಶಾವಿಗೆ ಹರವುತ್ತಿದ್ದ ನನ್ನ ಕೈಗಳು ಕಪ್ಪಾದವು. ಸದ್ದು ಹೋಯಿತು. ಕಪ್ಪು ಹೋಗಲಿಲ್ಲ. ಹರಡಿಕೊಂಡು ಹರಡಿಕೊಂಡು ಬಾಲ ನನ್ನ ಪಡಸಾಲೆಗೆ ಬಂತು, ಎಡ ರೆಕ್ಕೆ ಬಡಿಗೇರ ಮನೆಗಳ ಮೇಲೆ, ಬಲ ರೆಕ್ಕೆ ಪಿಂಜಾರರ ಮನೆಗಳ ಮೇಲೆ, ಮೂತಿ ಸಾರ್ವಜನಿಕ ನಲ್ಲಿಯ ಹತ್ತಿರ. ಮೊದಲ ವಾರ ಮೇಲಿನ ಪೇಟೆಯವರು ಚುರುಮುರಿ ಕಟ್ಟಿಕೊಂಡು ನೋಡಲು ಬಂದರು. ಪುರಸಭೆಯವರು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದರು. ಬಾಲದ ತುದಿ ಒಂದು ಗೇಣು ಹರಿಯಿತು, ಅಷ್ಟೆ. ಅರ್ಜಿ ಕೊಡಿ ಅಂದರು. ಹೆಬ್ಬೆಟ್ಟು ಒತ್ತಿ ಕೊಟ್ಟೆವು. ತಲೆ ಹಣ್ಣಾದ ಮೇಲೆ ನಾನು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತು, ನನ್ನ ಕೈಯಾರೆ ಅರ್ಜಿ ಬರೆದು ಕೊಟ್ಟೆ. ಹೆಬ್ಬೆಟ್ಟಿಗೆ ಆದ ಗತಿಯೇ ಸಹಿಗೂ ಆಯಿತು.

ಬದುಕುವುದನ್ನು ಕಲಿತೆವು. ಹಗಲಲ್ಲೂ ದೀಪ ಹಚ್ಚುತ್ತೇವೆ. ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಹಾಗಾಗಿ ನಮ್ಮ ಓಣಿಯ ಮಕ್ಕಳ ಅಂಗಿಯಿಂದ ಹೊಗೆಯ ವಾಸನೆ ಹೋಗುವುದಿಲ್ಲ, ಶಾಲೆಯಲ್ಲಿ ಅವರ ಪಕ್ಕ ಕೂರುವವರಿಲ್ಲ. ಬಾಣಂತಿಯರು ಎಳೆಬಿಸಿಲಿಗೆಂದು ಕೂಸನ್ನು ಎತ್ತಿಕೊಂಡು ಮೇಲಿನ ಪೇಟೆಯ ಯಾರದೋ ಕಟ್ಟೆಯ ಮೇಲೆ ಕೂರುತ್ತಾರೆ, ಎಬ್ಬಿಸುವ ತನಕ. ಹಪ್ಪಳ ಸಂಡಿಗೆ ಮಾಡಿ ಮಾರುವ ಹೆಂಗಸರು ಹಿಟ್ಟು ಹೊತ್ತುಕೊಂಡು ಹೋಗಿ ಅವರ ಮಾಳಿಗೆ ಕೇಳಬೇಕು. "ಮೂಲ್ಯಾಗ ಹಾಕ್ರಿ, ನಮ್ಮ ಮೆಣಸಿನಕಾಯಿಗೆ ಅಡ್ಡ ಬರಬ್ಯಾಡ್ರಿ," ಅನ್ನಿಸಿಕೊಳ್ಳಬೇಕು. ವಿಮಾನದ ಹೊಟ್ಟೆಯ ಕೆಳಗೆ, ಎಲ್ಲಕ್ಕಿಂತ ತಂಪಾದ ಜಾಗದಲ್ಲಿ, ವೀರಬಸಪ್ಪ ಸಾಹುಕಾರ ಬಾಳೆಹಣ್ಣಿನ ಗೋದಾಮು ಕಟ್ಟಿಸಿದ. ಅವನು ಪುರಸಭೆಗೂ ಅಧ್ಯಕ್ಷ, ಸ್ಕೌಟು ದಳದ ಸಂಘಕ್ಕೂ ಅಧ್ಯಕ್ಷ. ಅವನ ಹಣ್ಣು ಕೊಳೆಯುವುದಿಲ್ಲ.

ಮಕ್ಕಳು ಭಾನುವಾರ ಬಂದರು. ದಳದ ಒಂದೊಂದು ಪಡೆಗೆ ಒಬ್ಬ ನಾಯಕ ಅಥವಾ ನಾಯಕಿ. ಆ ನಾಯಕರು ಸೇರಿದರೆ ಅದು ನಾಯಕರ ಸಭೆ. ಅದಕ್ಕೊಂದು ಪದ್ಧತಿಯಿದೆ: ನೆಲದ ಮೇಲೆ ದುಂಡಗೆ ಕೂರಬೇಕು, ಹಿರಿಯರು ಹೊರಗೆ ಇರಬೇಕು, ಕೇಳಿದರೆ ಮಾತ್ರ ಬಾಯಿಬಿಡಬೇಕು. ಇದನ್ನು ಅವರಿಗೆ ಕಲಿಸಿದವನು ಕುಬೇರಪ್ಪ ಮಾಸ್ತರನೇ. ಕಲಿಸಿ ತಾನು ಮರೆತಿದ್ದ.

"ನೋಡ್ರಿ, ನಾ ಎಲ್ಲಾ ಬರಕೊಂಡು ಬಂದೀನಿ," ಎಂದು ಚೀಟಿ ತೆಗೆದ. "ಚಾರ್ಟ್ ಸ್ಪರ್ಧೆ, ಪ್ರಬಂಧ, ಕಡೀಕ ಒಂದು ದಿನಾಚರಣೆ. ಸಾಹುಕಾರ್ರು ಮುಖ್ಯ ಅತಿಥಿ. ನೀವು ಹೂಂ ಅಂದ್ರ ಸಾಕು."

"ಸರ್, ನಿಮ್ಮನ್ನ ಇನ್ನೂ ಯಾರೂ ಕೇಳಿಲ್ಲಲ್ರಿ," ಎಂದಳು ಝರೀನಾ.

ಝರೀನಾ ಪಿಂಜಾರರ ಮುಮ್ತಾಜಳ ಮಗಳು. ವಿಮಾನದ ಬಲ ರೆಕ್ಕೆ ಅವರ ಅಡಿಗೆಮನೆಯ ಮೇಲೆ ಹಾಯುತ್ತದೆ. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ. ಇನ್ನೊಂದು ಪಡೆಯ ನಾಯಕ ಪರಸು ಮೇಲಿನ ಪೇಟೆಯ ಹುಡುಗ, ಬಾಯಿಗೆ ಬಿಡುವಿಲ್ಲ. "ಹೌದ್ರಿ ಸರ್, ನೀವು ಹೊರಗಿನವರು. ಆಯಿ ಸಂಗಾಟ ಕುಂದರ್ರಿ," ಎಂದ, ನನ್ನತ್ತ ಕೈ ತೋರಿಸಿ. ಮಾಸ್ತರ ನಕ್ಕು ನನ್ನ ಹೊಲಿಗೆ ಮಶೀನಿನ ಪಕ್ಕ ಕೂತ.

"ವಿಮಾನದ ಬಗ್ಗೆ ಕಲೀಬೇಕು ಅಂತಾರ," ಎಂದಳು ಝರೀನಾ. "ಊರಾಗ ಒಂದು ವಿಮಾನ ಮಕ್ಕೊಂಡೈತಿ. ಅದನ್ನ ಬಿಟ್ಟು ಚಾರ್ಟಿನ್ಯಾಗ ಏನ್ ನೋಡೂದು?"

"ಅದು ಮಕ್ಕೊಂಡಿಲ್ಲ, ನಿಮ್ಮ ಮ್ಯಾಲೆ ಕುಂತೈತಿ," ಎಂದ ಪರಸು.

"ಹಂಗಂದ್ರ ಎಬ್ಬಸೂದು ಕಲಿಯೋಣು."

ಎಲ್ಲರೂ ಕೈ ಎತ್ತಿದರು. ಮಾಸ್ತರನ ನಗು ನಿಂತಿತು. "ಏ, ಅದೆಲ್ಲ ದೊಡ್ಡವರ ವಿಷಯ," ಎಂದ. ಯಾರೂ ಅವನನ್ನು ಕೇಳಿರಲಿಲ್ಲವಾದ್ದರಿಂದ ಯಾರೂ ಉತ್ತರಿಸಲಿಲ್ಲ.

ಆ ಮಳೆಗಾಲಕ್ಕೆ ಮುಂಚಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಶಾಲೆಯಲ್ಲಿ ಕಾಗದದ ವಿಮಾನಕ್ಕೆ ನಿಷೇಧ, ನಮ್ಮ ಓಣಿಯಲ್ಲಿ ಯಾರು ಕೇಳುತ್ತಾರೆ? ಮೇಲಿನ ಪೇಟೆಯ ಮಕ್ಕಳೂ ಇಲ್ಲಿಗೇ ಬಂದರು. ಬಿದ್ದ ನೆರಳು ಕಾಣಲೆಂದು ನೆಲಕ್ಕೆ ಸುಣ್ಣ ಬಳಿದು, ದೀಪ ಹಿಡಿದು, ಮೊದಲು ಕಟ್ಟೆಯಿಂದ, ಆಮೇಲೆ ಮಾಳಿಗೆಯಿಂದ, ಆಮೇಲೆ ನೀರಿನ ಟಾಕಿಯ ಮೆಟ್ಟಿಲುಗಳಿಂದ ವಿಮಾನ ಬಿಟ್ಟರು. ಮೂತಿ ಭಾರವಾದರೆ ಮುಗ್ಗರಿಸುತ್ತದೆ, ಬಾಲ ಭಾರವಾದರೆ ಮೇಲೆದ್ದು ವೇಗ ಕಳೆದುಕೊಂಡು ಕುಸಿಯುತ್ತದೆ ಎಂದು ಕಲಿತರು. ರೆಕ್ಕೆಯ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮಡಚಿದರೆ ದಿಕ್ಕು ಬದಲಾಗುತ್ತದೆ ಎಂದು ಕಲಿತರು. ಎತ್ತರ ಹೆಚ್ಚಿದಷ್ಟೂ ನೆರಳು ಅಗಲವಾಗುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದದ್ದೇ. ಎಷ್ಟು ಎತ್ತರಕ್ಕೆ ಎಷ್ಟು ಅಗಲ ಎನ್ನುವುದನ್ನು ಅಳೆದವರು ಇವರೇ ಮೊದಲು.

ಆಮೇಲೆ ಹಗ್ಗ, ಸುಣ್ಣದ ಪುಡಿ ಹಿಡಿದು ದೊಡ್ಡ ನೆರಳಿನ ಅಂಚು ಹುಡುಕುತ್ತ ಹೊರಟರು. ಅಂಚು ಮನೆಗಳೊಳಗೇ ಹೋಗುತ್ತದೆ, ಇವರೂ ಹೋದರು. "ಕಾಲು ತಗೀ ಅಜ್ಜಾ, ರೆಕ್ಕಿ ಬರಾಕತ್ತೈತಿ," ಎಂದು ಮಲಗಿದವರನ್ನು ಎಬ್ಬಿಸಿದರು. ಮುಮ್ತಾಜ್ ಒಲೆಯ ಮುಂದೆ ಕೂತು, "ನನ್ನ ಅಡಗಿಮನಿ ರೆಕ್ಕಿಯ ಯಾವ ಭಾಗಪಾ?" ಎಂದು ಕೇಳಿದಳು. "ತುದಿ ಅಕ್ಕಾ," ಎಂದ ಪರಸು. "ಹಾರೂ ಮುಂದ ಜೋರು ಅಲ್ಲಾಡ್ತೈತಿ, ಸಾರು ಚೆಲ್ಲೀತು." ಎಷ್ಟೋ ವರ್ಷಗಳಿಂದ ನಮ್ಮ ಮೇಲೆ ಬಿದ್ದಿದ್ದರ ಬಗ್ಗೆ ನಾವು ನಕ್ಕದ್ದು ಅದೇ ಮೊದಲು.

ಅಳೆದದ್ದನ್ನೆಲ್ಲ ಹಾಳೆಗೆ ಇಳಿಸಿ ಬರೆದ ನಕ್ಷೆ ಪೂರ್ತಿಯಾದಾಗ ಬಲ ರೆಕ್ಕೆಯ ತುದಿ ಎಡದ್ದಕ್ಕಿಂತ ಗಿಡ್ಡ ಇರುವುದು ಕಂಡಿತು. ಝರೀನಾ ಅದನ್ನು ಬಹಳ ಹೊತ್ತು ನೋಡಿದಳು. "ಆಯಿ, ಹಕ್ಕಿ ಹೊಳ್ಳಿ ಬಂದ್ರ ನೆರಳು ಎದ್ದು ಹೋಗ್ತೈತಲ್ಲ?" ಎಂದು ಕೇಳಿದಳು.

ಅದು ನಮ್ಮೂರಿನ ಕೂಸಿಗೂ ಗೊತ್ತು. ಹೋದ ದಾರಿಯಲ್ಲೇ, ಅದೇ ಎತ್ತರದಲ್ಲಿ ಅದೇ ಹಕ್ಕಿ ಮರಳಿದರೆ ನೆರಳು ನೆಲ ಬಿಟ್ಟು ಅದರ ಹಿಂದೆ ಹೋಗುತ್ತದೆ. "ಅದಽ ಹಕ್ಕಿ ಆಗಬೇಕವ್ವ," ಎಂದೆ.

"ಹಂಗಾರ ಗಿಡ್ಡ ರೆಕ್ಕಿ ಹಕ್ಕೀನ ಹುಡುಕಬೇಕು."

ಸ್ಕೌಟು ದಳಗಳ ಜಿಲ್ಲಾ ಮೇಳಕ್ಕೆ ಹಿರಿಯಳೆಂದು ನಾನೂ ಹೋದೆ. ಅಲ್ಲಿನ ಹಾರಾಟ ಶಾಲೆಯಿಂದ ಕ್ಯಾಪ್ಟನ್ ಫ್ಲೇವಿಯಾ ಎನ್ನುವ ಹೆಣ್ಣುಮಗಳು ಬಂದಿದ್ದಳು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡಲು. ಬೇರೆ ಊರಿನ ಮಕ್ಕಳು ಪೈಲಟ್ ಆಗಲು ಏನು ಓದಬೇಕು ಎಂದು ಕೇಳಿದರು. ನಮ್ಮವರು ನಕ್ಷೆ ಬಿಚ್ಚಿದರು. ಅವಳು ಬಗ್ಗಿ ನೋಡಿದಳು. ನೋಡಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಇದು ನಮ್ಮ ಮುದುಕಿ!" ಎಂದಳು. "ಈ ರೆಕ್ಕೆ ತುದಿ ಹಳೇ ಕಾಲದಲ್ಲಿ ಹುಣಸೆಮರಕ್ಕೆ ಬಡಿದು ಮುರಿದದ್ದು. ಗಿಡ್ಡ ಮಾಡಿ ರಿಪೇರಿ ಮಾಡಿದ್ರು. ನಿಮಗೆ ಹೇಗೆ ಗೊತ್ತು?"

"ಅದರ ನೆರಳು ನಮ್ಮ ಅಡಗಿಮನ್ಯಾಗ ಐತ್ರಿ," ಎಂದಳು ಝರೀನಾ.

ಕ್ಯಾಪ್ಟನ್ ಗಿಡ್ಡ ರೆಕ್ಕೆಯ ಗೆರೆಯ ಮೇಲೆ ಬೆರಳಾಡಿಸಿದಳು. "ಆ ವಿಮಾನಕ್ಕೆ ನೆರಳೇ ಬೀಳಲ್ಲ," ಎಂದಳು ಆಮೇಲೆ. "ಇಳಿಯುವಾಗ ನೆಲ ಎಷ್ಟು ದೂರ ಅಂತ ನೆರಳು ನೋಡಿ ಅಂದಾಜು ಮಾಡ್ತೀವಿ. ಇದರಲ್ಲಿ ಆಗಲ್ಲ. ಹೊಸಬರು ಹತ್ತೋಕೆ ಹೆದರ್ತಾರೆ. ದಸರಾ ಆದ ಮೇಲೆ ಅದನ್ನ ಬಿಚ್ಚಿ ಗುಜರಿಗೆ ಹಾಕ್ತಾರೆ." ರೆಕ್ಕೆಯ ನಿಜವಾದ ಉದ್ದ ಹೇಳಿದಳು. ಮಕ್ಕಳು ಅಲ್ಲೇ ನೆಲದ ಮೇಲೆ ಕೂತು ಲೆಕ್ಕ ಮಾಡಿ, ಅದು ಎಷ್ಟು ಎತ್ತರದಲ್ಲಿ ಹೋಗಿತ್ತು ಎಂದು ಹೇಳಿದರು. ಅವಳು ತಾನೂ ಲೆಕ್ಕ ಮಾಡಿ ನೋಡಿ ತಲೆಯಾಡಿಸಿದಳು. "ನಿಮ್ಮ ದಳದಿಂದ ಒಂದು ಕಾಗದ ಬರಲಿ. ಎತ್ತರ, ದಿಕ್ಕು, ಈ ನಕ್ಷೆ, ಎಲ್ಲಾ ಇರಲಿ. ಕಾಗದ ಇಲ್ಲದೆ ಊರಿನ ಮೇಲೆ ಹಾರೋ ಹಾಗಿಲ್ಲ. ದಸರಾಕ್ಕೆ ಮುಂಚೆ ಬಂದರೆ ನಾನೇ ತರ್ತೀನಿ ಅವಳನ್ನ."

ಮರುದಿನವೇ ಮಕ್ಕಳು ಕಾಗದ ಬರೆದರು. ಕೆಳಗೆ ಅಧ್ಯಕ್ಷರ ಸಹಿಗೆಂದು ಜಾಗ ಬಿಟ್ಟರು, ದಳದ ಕಾಗದಗಳಿಗೆಲ್ಲ ಹಾಗೇ ಬಿಡುವುದು ರೂಢಿ. ಕುಬೇರಪ್ಪ ಮಾಸ್ತರ, "ಸಾಹುಕಾರ್ರ ಸಹಿ ಹಾಕಿಸಿ ನಾನೇ ಟಪಾಲಿಗೆ ಹಾಕ್ತೀನಿ," ಎಂದು ತೆಗೆದುಕೊಂಡು ಹೋದ.

ಮಳೆ ಬಂತು. ಕೇಳಿದರೆ, ಸಾಹುಕಾರ್ರು ಊರಾಗಿಲ್ಲ ಅಂದ. ಮತ್ತೆ ಕೇಳಿದರೆ, ಭಾಷೆ ಸರಿಯಿಲ್ಲ, ಇನ್ನೊಂದು ಸಲ ಬರೀರಿ ಅಂದ. ಬರೆದುಕೊಟ್ಟರು. ಕೈಬರಹ ಬ್ಯಾಡ, ಟೈಪ್ ಮಾಡಸ್ರಿ ಅಂದ. ಮಾಡಿಸಿದರು. ಗಣಪತಿ ಹಬ್ಬದ ಗದ್ದಲ ಮುಗೀಲಿ ಅಂದ. ಗಣಪತಿ ನೀರಿಗೆ ಹೋದ, ಕಾಗದ ಹೋಗಲಿಲ್ಲ. ಒಂದು ದಿನ ಝರೀನಾ ನನ್ನ ಮಶೀನಿನ ಪಕ್ಕ ಬಂದು ಕೂತಳು. "ಆಯಿ, ಸಾಹುಕಾರ್ರು ಬೇಕಂತಽ ಕಾಗದ ಹಿಡಕೊಂಡು ಕುಂತಾರ. ಅವರ ಗೋದಾಮಿಗೆ ಬಿಸಲು ಬೀಳ್ತೈತಿ ಅಂತ."

"ತಡಿಯವ್ವ, ನೋಡೋಣು," ಎಂದೆ. ಹೇಳಿದ ಕೂಡಲೇ ಆ ಮಾತು ನನ್ನ ಬಾಯಲ್ಲೇ ಕಹಿಯಾಯಿತು. ತಡಿ ಅನ್ನುವುದು ನನಗೆ ಅಷ್ಟು ರೂಢಿಯಾಗಿಬಿಟ್ಟಿತ್ತು. ಆ ಹುಡುಗಿಗೂ ಅದನ್ನೇ ಕಲಿಸಲು ಹೊರಟಿದ್ದೆ.

ದಸರಾ ಇನ್ನೇನು ಬಂತು ಅನ್ನುವಾಗ ಶಾಲೆಯ ಮೈದಾನದಲ್ಲಿ ಪೆಂಡಾಲು ಎದ್ದಿತು. ವಾಯುಯಾನ ದಿನಾಚರಣೆ. ಮಾಸ್ತರನ ಚೀಟಿಯಲ್ಲಿದ್ದದ್ದೆಲ್ಲ ಅಲ್ಲಿತ್ತು. ಮಕ್ಕಳ ಯೋಜನೆ ಎಂದು ಬ್ಯಾನರು. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂರಿಸಿದ್ದರು. ದೊಡ್ಡವರು ವೇದಿಕೆಯ ಮೇಲೆ, ಶಾಮಿಯಾನದ ಕೆಳಗೆ. ಸಾಹುಕಾರ ಮೈಕಿನ ಮುಂದೆ ನಿಂತು, ಮಕ್ಕಳೇ ಮುಂದಾಳುಗಳಾಗಬೇಕು, ಅವರ ಕಲ್ಪನೆಗೆ ರೆಕ್ಕೆ ಬರಬೇಕು ಎಂದು ಹೇಳಿದ. ಚಪ್ಪಾಳೆ ತಟ್ಟಿ ಎಂದು ಮಾಸ್ತರ ಕೈಸನ್ನೆ ಮಾಡಿದ, ಮಕ್ಕಳು ತಟ್ಟಿದರು. ಆಮೇಲೆ ಅವರ ನಕ್ಷೆಗೆ ಗಾಜು ಹಾಕಿಸಿ, ಚಿನ್ನದ ಬಣ್ಣದ ಚೌಕಟ್ಟು ಕಟ್ಟಿಸಿ, ಅದನ್ನು ಸಾಹುಕಾರನಿಗೇ ಕಾಣಿಕೆ ಕೊಟ್ಟರು. ಓಣಿಯ ತುಂಬ ಮೊಣಕಾಲೂರಿ ಹರಿದಾಡಿ ಮಾಡಿದ ನಕ್ಷೆ. ಅವನ ಗೋದಾಮಿನ ಗೋಡೆಗೆ ಚೆನ್ನಾಗಿ ಒಪ್ಪುತ್ತದೆ ಎಂದು ಯಾರೋ ಹಿಂದೆ ಹೇಳಿದರು.

ನನ್ನನ್ನು ಹಿರಿಯ ಮಾರ್ಗದರ್ಶಕಿ ಎಂದು ಕರೆದು, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿದರು. "ತಾಳ್ಮೆಯೇ ಮೂರ್ತಿವೆತ್ತಂತೆ ಇರುವ ನೀಲಗಂಗವ್ವನವರು," ಎಂದು ಮಾಸ್ತರ ಮೈಕಿನಲ್ಲಿ ಓದಿದ. ಶಾಲು ಹೊದಿಸಿದವರು ಎದ್ದು ಹೋಗಿ ಎಂದು ಸನ್ನೆ ಮಾಡಿದರು. ನಾನು ಏಳಲಿಲ್ಲ.

"ಏನಾತವ್ವ? ಮಾತಾಡೂದೈತೇನು?" ಎಂದ ಸಾಹುಕಾರ, ನಗುತ್ತ.

"ಮಾತಾಡಂಗಿಲ್ರಿ. ಹುಡುಗರ ಕಾಗದಕ್ಕ ಕಾಯಾಕ ಹತ್ತೀನಿ."

"ಯಾವ ಕಾಗದ?"

"ನಿಮ್ಮ ಸಹಿಗೆ ಕೊಟ್ಟಿದ್ದು. ಮಳಿಗಾಲಕ್ಕ ಮೊದಲ."

ಸಾಹುಕಾರ ಮಾಸ್ತರನ ಕಡೆ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎಂಥ ಸುಳ್ಳುಗಾರನೂ ಅಂಥ ಮುಖ ಮಾಡಲಾರ. ಮಾಸ್ತರ ನಾನು ಹೊಲಿದುಕೊಟ್ಟ ಸ್ಕಾರ್ಫಿನಲ್ಲೇ ಮುಖ ಒರೆಸಿಕೊಂಡ. ಕುರ್ಚಿಯ ಕೆಳಗಿನ ಚೀಲ ತೆಗೆದ. ಪ್ಲಾಸ್ಟಿಕ್ ಹಾಳೆಯೊಳಗೆ, ಒಂದು ಮಡಿಕೆಯೂ ಬೀಳದ ಹಾಗೆ, ಕಾಗದ ಇತ್ತು. ಲಕೋಟೆಯೂ ಇತ್ತು, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ್ದು.

"ಹೊತ್ತು ನೋಡಿ ಕೊಡಬೇಕಂತ ಇದ್ದೆ," ಎಂದ, ನನ್ನ ಮುಖ ನೋಡದೆ. "ಸಾಹುಕಾರ್ರಿಗೆ ಬ್ಯಾಸರ ಆಗಬಾರದು ಅಂತ."

ಯಾರೂ ಬೇಡ ಅಂದಿರಲಿಲ್ಲ. ಯಾರಾದರೂ ಬೇಡ ಅಂದಾರು ಎಂದು ಇವನೇ ತಡೆದಿದ್ದ. ನಮ್ಮ ಓಣಿಯಲ್ಲಿ ಹುಟ್ಟಿ, ಹೊಗೆಯ ವಾಸನೆಯ ಅಂಗಿ ತೊಟ್ಟು, ಕಡೆಯ ಬೆಂಚಿನಲ್ಲಿ ಒಂಟಿಯಾಗಿ ಕೂತು ಕಲಿತವನು. ಸಾಹುಕಾರನ ಮೇಲೆ ನನಗಿದ್ದ ಸಿಟ್ಟು ಹಳೆಯದು, ಉಪ್ಪಿನಕಾಯಿಯ ಹಾಗೆ ಕಳಿತು ಕೂತದ್ದು. ಇದು ಹಸಿಯದು.

ಸಾಹುಕಾರ ಕಾಗದ ಇಸಿದುಕೊಂಡು ಓದಿದ. ಕೆಳಗೆ ತನ್ನ ಸಹಿಯ ಜಾಗ ಇನ್ನೂ ಖಾಲಿ ಇರುವುದು ಕಂಡು ಅವನಿಗೆ ಸಮಾಧಾನವಾಯಿತು. "ಬಿಸಲು ಬಿದ್ರ ನನ್ನ ಬಾಳಿಹಣ್ಣಿನ ಗತಿ ಏನವ್ವ?" ಎಂದು ಮೈಕಿಗೆ ಕೇಳುವಂತೆ ಹೇಳಿದ. ವೇದಿಕೆಯ ಮೇಲಿನವರು ನಕ್ಕರು. "ಮುಂದಿನ ವರ್ಷ ನೋಡೋಣು."

ಝರೀನಾ ಸಾಲಿನಿಂದ ಎದ್ದಿದ್ದಳು. "ಮುಂದಿನ ವರ್ಷ ಆ ವಿಮಾನ ಇರಂಗಿಲ್ರಿ."

"ಬ್ಯಾರೆ ಬರ್ತಾವು ತಗೋ."

"ಬ್ಯಾರೆ ಬಂದ್ರ ಬ್ಯಾರೆ ನೆರಳು ಬೀಳ್ತೈತ್ರಿ. ಎಲ್ಲಿ ಬೀಳ್ತೈತಿ ಅನ್ನೂದು ಹೇಳಾಕ ಬರಂಗಿಲ್ಲ."

ಈ ಸಲ ವೇದಿಕೆಯ ಮೇಲೆ ಯಾರೂ ನಗಲಿಲ್ಲ. ಝರೀನಾ ಮೆಟ್ಟಿಲು ಹತ್ತಿ ಬಂದು, "ನಾಯಕರ ಸಭಾ ಕರದೀನಿ," ಎಂದಳು. ಪರಸು ಬಂದ, ಉಳಿದ ನಾಯಕರೂ ಬಂದರು. ಅತಿಥಿಗಳ ಕುರ್ಚಿಗಳ ಮುಂದೆ, ಹಾಸಿದ ಜಮಖಾನೆಯ ಮೇಲೆ, ದುಂಡಗೆ ಕೂತರು.

"ಏನಿದು? ಎಬ್ಬಸ್ರಿ ಇವರನ್ನ," ಎಂದ ಸಾಹುಕಾರ.

"ಸಾಹುಕಾರ್ರ, ಸಭಾ ನಡದೈತಿ," ಎಂದ ಪರಸು ಕೈ ಮುಗಿದು. "ಹಿರಿಯರು ಕೇಳಿದಾಗಷ್ಟ ಮಾತಾಡಬೇಕ್ರಿ. ಸರ್ ಕಲಿಸ್ಯಾರ."

ಸಾಹುಕಾರ ಮಾಸ್ತರನನ್ನು ನೋಡಿದ. ಎಬ್ಬಿಸು ಅನ್ನುವ ನೋಟ ಅದು. ಮಾಸ್ತರ ಬಾಯಿ ತೆರೆದ. ಮಕ್ಕಳು ಅವನತ್ತ ತಿರುಗಿದರು. ಅವನು ಬಾಯಿ ಮುಚ್ಚಿಕೊಂಡ. ಇಡೀ ಮಳೆಗಾಲದಲ್ಲಿ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

"ಅಧ್ಯಕ್ಷರ ಸಹಿ ಇಲ್ಲದನ ಕಾಗದ ಕಳಸೂದು. ದಳ ಅಂದ್ರ ನಾವು. ಒಪ್ಪಿದವರು ಕೈ ಎತ್ರಿ," ಎಂದಳು ಝರೀನಾ. ದುಂಡಗೆ ಕೂತವರಷ್ಟೇ ಅಲ್ಲ, ಕೆಳಗೆ ಬಿಸಿಲಲ್ಲಿ ಕೂತಿದ್ದ ಚಿಕ್ಕವರೂ ಎತ್ತಿದರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಆಯಿ, ನಿನ್ನ ಕೇಳಾಕತ್ತೀವಿ. ಏನಂತೀ?"

ಇಷ್ಟು ತಿಂಗಳಲ್ಲಿ ಸಭೆ ನನ್ನನ್ನು ಕೇಳಿದ್ದು ಅದೇ ಮೊದಲು. ಹೇಳಲು ಬಹಳ ಇತ್ತು. "ಇವತ್ತ ಕಳಸ್ರಿ," ಎಂದೆ. ಎದ್ದು ಹೋಗಿ ಸಾಹುಕಾರನ ಮುಂದೆ ಕೈ ಚಾಚಿದೆ. ಅವನು ಕೊಡಲಿಲ್ಲ. ನಾನು ಕೈ ಇಳಿಸಲಿಲ್ಲ. ಊರೆಲ್ಲ ಹೊಗಳಿದ ಆ ತಾಳ್ಮೆ ಆ ಹೊತ್ತಿನಲ್ಲಿ ನನ್ನ ತೋಳಿಗೆ ಬಂದು ಕೂತಿತು; ಸಂಜೆಯ ತನಕ ಬೇಕಾದರೂ ಹಾಗೇ ಚಾಚಿರುತ್ತಿದ್ದೆ. ಅತಿಥಿಗಳು ಕುರ್ಚಿಯಲ್ಲಿ ಅತ್ತಿತ್ತ ಸರಿದರು. ಚಹಾ ತಂದ ಹುಡುಗಿ ಎಲ್ಲಿ ಇಡುವುದು ತಿಳಿಯದೆ ನಿಂತಳು. ಕೊನೆಗೆ, "ತಗೋ, ತಗೋ. ನನ್ನ ಸಹಿ ಇಲ್ಲದ ಕಾಗದ ಯಾರು ನೋಡ್ತಾರ ನಾನೂ ನೋಡ್ತೀನಿ," ಎಂದು ಅವನು ಕಾಗದವನ್ನು ನನ್ನ ಅಂಗೈಗೆ ಬಡಿದ.

ಝರೀನಾ ಅಧ್ಯಕ್ಷರು ಎಂದಿದ್ದಲ್ಲಿ ಗೀಟು ಎಳೆದು, ನಾಯಕರ ಸಭೆ ಎಂದು ಬರೆದಳು. ಎಲ್ಲರೂ ಸಹಿ ಮಾಡಿದರು, ಪರಸು ಮಾಸ್ತರನ ಚೀಲದಿಂದ ಲಕೋಟೆ ತೆಗೆದುಕೊಂಡ. ಕೆಳಗೆ ನಾನೂ ಮಾಡಿದೆ, ಪೂರ್ತಿ ಹೆಸರು, ದೀರ್ಘ ಒತ್ತು ಯಾವುದೂ ಬಿಡದೆ.

ಅಂಚೆ ಕಚೇರಿ ಬಸ್ ನಿಲ್ದಾಣದ ಮಗ್ಗುಲಿಗಿದೆ. ಮಕ್ಕಳು ಮುಂದೆ, ನಾನು ಶಾಲು ಹೊದ್ದೇ ಹಿಂದೆ. ಶಾಲು ತೆಗೆಯುವುದೂ ನೆನಪಾಗಿರಲಿಲ್ಲ. ಅಂಚೆಯವನು ಸಂಜೆಯ ಚೀಲದ ಬಾಯಿ ಕಟ್ಟಲು ದಾರ ಹುಡುಕುತ್ತಿದ್ದ.

"ಇನ್ನೊಂದೈತಿ, ತಡೀರಿ," ಎಂದ ಪರಸು.

"ಎಲ್ಲಾರೂ ಕಟ್ಟೂ ಮುಂದಽ ಬರ್ರಿ," ಎಂದು ಅಂಚೆಯವನು ಗೊಣಗಿದ. ವಿಳಾಸ ನೋಡಿದ. "ಹಾರಾಟ ಶಾಲೀಗೆ? ನಮ್ಮೂರಿಂದ?"

ಝರೀನಾ ಕಾಗದ ಮಡಚುವಾಗ ಥಟ್ಟನೆ ಕೈ ನಿಲ್ಲಿಸಿದಳು. ಕಾಗದದ ಕೊನೆಯಲ್ಲಿ ನಕ್ಷೆ ಇದರೊಂದಿಗೆ ಇದೆ ಎಂದು ಬರೆದಿತ್ತು. ನಕ್ಷೆ ಇರಲಿಲ್ಲ. ಅದಿಲ್ಲದೆ ಎತ್ತರ ದಿಕ್ಕುಗಳನ್ನು ಯಾರು ನಂಬುತ್ತಾರೆ? ಟಪಾಲು ಒಯ್ಯುವ ಬಸ್ಸಿನವನು ಆಗಲೇ ಹಾರ್ನು ಹೊಡೆಯುತ್ತಿದ್ದ.

ಆಗ ಕುಬೇರಪ್ಪ ಮಾಸ್ತರ ಬಂದ. ಓಡಿ ಬಂದಿದ್ದ, ಏದುಸಿರು. ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು, ಗಾಜು ತಾಗಿದ್ದಿರಬೇಕು. ಇನ್ನೊಂದು ಕೈಯಲ್ಲಿ ನಕ್ಷೆಯ ಸುರುಳಿ. ಚೌಕಟ್ಟು ಇರಲಿಲ್ಲ.

"ಅವ್ವಾ," ಎಂದ.

"ನನಗ ಅವ್ವಾ ಅನಬ್ಯಾಡ. ತಂದೀಯಲ್ಲ, ಕೊಡು."

"ಸಿಟ್ಟಾಗಬ್ಯಾಡವ್ವ."

"ಆಗ್ತೀನಿ," ಎಂದೆ. "ಇನ್ನ ಭಾಳ ದಿನ ಆಗ್ತೀನಿ. ಮೊದಲ ಆ ಲಕೋಟಿಗೆ ಅಂಟು ಹಚ್ಚು."

ಅವನು ನಕ್ಷೆಯನ್ನು ಮಡಚಿ ಕಾಗದದ ಜೊತೆ ಒಳಗಿಟ್ಟ. ಕಚೇರಿಯ ಕಟ್ಟೆಯ ಮೇಲಿದ್ದ ಅಂಟಿನ ಡಬ್ಬಿಗೆ ಒಳ್ಳೆಯ ಕೈಯ ಬೆರಳನ್ನು ಅದ್ದಿ, ಅಂಚಿನುದ್ದಕ್ಕೂ ಸವರಿದ, ಶಾಲೆಗೆ ಹೋಗುವ ಹುಡುಗನ ಹಾಗೆ ತುಟಿ ಕಚ್ಚಿಕೊಂಡು. ಒತ್ತಿ ಹಿಡಿದ. ಝರೀನಾ ಅವನ ಕೈಯಿಂದ ಲಕೋಟೆ ತೆಗೆದುಕೊಂಡು ಅಂಚೆಯವನಿಗೆ ಕೊಟ್ಟಳು. ತೂಕ ಹೆಚ್ಚಾಗಿದೆ ಎಂದು ಅವನು ಇನ್ನೊಂದು ಚೀಟಿ ಹಚ್ಚಿಸಿದ. ಮುದ್ರೆ ಎತ್ತಿ ಹೊಡೆದ, ಸರಿಯಾಗಿ ಮೂಡಲಿಲ್ಲವೆಂದು ಇನ್ನೊಮ್ಮೆ ಹೊಡೆದ. ಚೀಲದೊಳಗೆ ಹಾಕಿದ. ದಾರ ಸಿಕ್ಕಿತು, ಕಟ್ಟಿದ. ಕಂಡಕ್ಟರು ಚೀಲವನ್ನು ಎಳೆದುಕೊಂಡು ಡ್ರೈವರನ ಹಿಂದಿನ ಸೀಟಿನ ಕೆಳಗೆ ನೂಕಿ ಸೀಟಿ ಊದಿದ. ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನಾವು ಯಾರೂ ಕದಲಲಿಲ್ಲ.